ಕಾಗದವಿಲ್ಲದ ಹದಿನೈದು ನಿಮಿಷ

ನಂದಿಬೆಟ್ಟದ ತಪ್ಪಲಲ್ಲಿರುವ ಮುದ್ದೇನಹಳ್ಳಿಯು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದ ಊರೆಂಬುದು ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮಕ್ಕಳಿಗೆಲ್ಲ ತಿಳಿದ ಸಂಗತಿ. ಅವರ ಹೆಸರು ಅಣೆಕಟ್ಟು, ಬ್ಯಾಂಕು, ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತು ಇವುಗಳೊಡನೆ ಸೇರಿ ಕೇಳಿಬರುವುದು ವಾಡಿಕೆ. 2018ನೆಯ ಇಸವಿಯ ವಿಧಾನಸಭೆಯ ಚುನಾವಣೆಯಲ್ಲಿ ಅದು ಬೇರೊಂದು ಕಾರಣದಿಂದ ದೇಶದ ಬಾಯಲ್ಲೆಲ್ಲ ಸುಳಿದಾಡಿತು. ಆ ಮಹನೀಯರು ಏನನ್ನು ಕಟ್ಟಿದರು, ಹೇಗೆ ಆಳಿದರು ಎಂಬುದನ್ನು ಯಾರೂ ಕೇಳಲಿಲ್ಲ. ಅವರ ಹೆಸರನ್ನು ತಡವರಿಸದೆ ಹೇಳಬಲ್ಲವರಾರು, ಹೇಳಲಾರದವರಾರು ಎಂಬುದೇ ಅಂದಿನ ಪ್ರಶ್ನೆಯಾಯಿತು.

ನಡೆದುದಿಷ್ಟು. ಆ ವರ್ಷದ ಮಾರ್ಚಿಯಲ್ಲಿ ಕಾಂಗ್ರೆಸ್ಸಿನ ಅಂದಿನ ಅಧ್ಯಕ್ಷರಾದ ರಾಹುಲ್ ಗಾಂಧಿಯವರು ಹಳೆಯ ಮೈಸೂರಿನ ಕಡೆ ಪ್ರವಾಸ ಮಾಡುತ್ತ, ನಾಡಿನ ಹಿರಿಯರನ್ನು ಸ್ಮರಿಸುವಾಗ ಈ ಹೆಸರಿನ ಬಳಿಗೆ ಬಂದು ಎಡವಿದರು. ಏಪ್ರಿಲಿನಲ್ಲಿ ಅವರೇ, ಲೋಕಸಭೆಯಲ್ಲಿ ತಮಗೆ ಹದಿನೈದು ನಿಮಿಷ ಮಾತನಾಡಲು ಬಿಟ್ಟರೆ ಪ್ರಧಾನಿಗಳು ಎದುರು ನಿಲ್ಲಲಾರರೆಂದು ನುಡಿದರು. ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯ ಸಭೆಯಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು ಇದಕ್ಕೆ ಉತ್ತರ ಕೊಟ್ಟರು. ಕರ್ನಾಟಕದಲ್ಲಿ ತಮ್ಮ ಪಕ್ಷದ ಸರ್ಕಾರವು ಮಾಡಿದ ಕೆಲಸಗಳನ್ನು ಕುರಿತು ರಾಹುಲ್ ಗಾಂಧಿಯವರು ಕೈಯಲ್ಲಿ ಕಾಗದ ಹಿಡಿಯದೆ ಹದಿನೈದು ನಿಮಿಷ ಮಾತನಾಡಲಿ; ಹಿಂದಿಯಾಗಲಿ, ಇಂಗ್ಲಿಷಾಗಲಿ, ಅವರ ತಾಯಿಯ ಮಾತೃಭಾಷೆಯಾಗಲಿ, ಯಾವುದಾದರೂ ಸರಿ; ಆ ನಡುವೆ ವಿಶ್ವೇಶ್ವರಯ್ಯನವರ ಹೆಸರನ್ನು ಐದು ಸಲ ಹೇಳಲಿ ಎಂಬುದು ಆ ಪಂಥಾಹ್ವಾನದ ಸಾರ. ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು ತಡಮಾಡದೆ ಮರುಸವಾಲು ಹಾಕಿದರು: ಯಡಿಯೂರಪ್ಪನವರ ಹಿಂದಿನ ಸರ್ಕಾರದ ಸಾಧನೆಗಳನ್ನು ಕುರಿತು ಪ್ರಧಾನಿಗಳು ಹದಿನೈದು ನಿಮಿಷ ಮಾತನಾಡಲಿ, ಬೇಕಾದರೆ ಕಾಗದವನ್ನು ನೋಡಿಕೊಂಡೇ ಮಾತನಾಡಲಿ ಎಂದು. ಅಲ್ಲಿಗೆ ವಾದವು ಮುಗಿಯಿತು. ಮುಗಿಯಿತೆನ್ನುವುದಕ್ಕಿಂತ ಆರಂಭವೇ ಆಗಲಿಲ್ಲವೆನ್ನುವುದು ಯುಕ್ತ. ಮೂವರೂ ಒಂದು ವೇದಿಕೆಯ ಮೇಲೆ ಒಂದು ಗಳಿಗೆಯೂ ಎದುರುಬದುರಾಗಿ ನಿಲ್ಲಲಿಲ್ಲ. ಹಾಗಿದ್ದರೂ ಗೆದ್ದವರಾರು ಸೋತವರಾರು ಎಂಬ ತೀರ್ಪು ಮಾತ್ರ ದಿನಪತ್ರಿಕೆಗಳಲ್ಲಿಯೂ ದೂರದರ್ಶನದ ವಾಹಿನಿಗಳಲ್ಲಿಯೂ ಮೊಬೈಲಿನ ತುಣುಕುಚಿತ್ರಗಳಲ್ಲಿಯೂ ದಿನಕ್ಕೆ ನಾಲ್ಕು ಸಲ ಹೊರಬೀಳುತ್ತಿತ್ತು.

ಈ ದೇಶದ ಶಾಸ್ತ್ರಕಾರರು ವಾದಕ್ಕೆ ಲಕ್ಷಣವನ್ನು ಹೇಳದೆ ಬಿಟ್ಟವರಲ್ಲ. ತತ್ತ್ವವನ್ನು ತಿಳಿಯಬೇಕೆಂಬ ಅಪೇಕ್ಷೆಯಿಂದ ನಡೆಯುವುದು ವಾದ. ಗೆಲ್ಲಬೇಕೆಂಬ ಒಂದೇ ಅಪೇಕ್ಷೆಯಿಂದ ನಡೆಯುವುದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯದನ್ನು ಕೆಡವುವುದರಲ್ಲಿಯೇ ತೃಪ್ತಿಪಡುವುದು ವಿತಂಡ. ಜೈನ ತಾರ್ಕಿಕರು ಇದಕ್ಕೆ ನಾಲ್ಕು ಅಂಗಗಳನ್ನು ಹೇಳುತ್ತಾರೆ: ವಾದಿ, ಪ್ರತಿವಾದಿ, ಸಭ್ಯರು, ಸಭಾಪತಿ. ಇವುಗಳಲ್ಲಿ ಒಂದು ಊನವಾದರೂ ಅದು ಪೂರ್ಣವಾದ ವಾದವಲ್ಲ. 2018ರ ಪ್ರಸಂಗದಲ್ಲಿ ವಾದಿಯು ಒಂದು ಜಿಲ್ಲೆಯಲ್ಲಿದ್ದರೆ ಪ್ರತಿವಾದಿಯು ಇನ್ನೊಂದು ಜಿಲ್ಲೆಯಲ್ಲಿದ್ದನು. ಸಭಾಪತಿಯಂತೂ ಇಲ್ಲವೇ ಇಲ್ಲ. ಸಭ್ಯರ ಪೀಠವು ಬರಿದಾಗಿದ್ದುದನ್ನು ಕಂಡು ಪತ್ರಿಕೆಗಳೂ ವಾಹಿನಿಗಳೂ ತಾವಾಗಿಯೇ ಅದರಲ್ಲಿ ಬಂದು ಕುಳಿತುವು. ಕುಳಿತುದು ತಪ್ಪೆಂದು ಹೇಳುವಂತಿಲ್ಲ. ಬೇರೆ ಯಾರೂ ಕುಳಿತುಕೊಳ್ಳದಿರುವಾಗ ಅವರಾದರೂ ಕುಳಿತುಕೊಳ್ಳಬೇಕಷ್ಟೆ. ಅಲ್ಲಿ ಕುಳಿತು ಏನನ್ನು ತೂಗಿದರು ಎಂಬುದು ವಿಚಾರಿಸತಕ್ಕ ಮಾತು.

ಗೌತಮನ ನ್ಯಾಯಸೂತ್ರದಲ್ಲಿ ವಾದಿಯು ಸೋತನೆಂದು ಹೇಳಬಹುದಾದ ನಿಗ್ರಹಸ್ಥಾನಗಳು ಇಪ್ಪತ್ತೆರಡು. ಪ್ರಕೃತವಲ್ಲದ ಮಾತನ್ನು ತಂದು ತುರುಕುವುದು ಅರ್ಥಾಂತರ. ಕೇಳಿದುದಕ್ಕೆ ಉತ್ತರ ತೋಚದಿರುವುದು ಅಪ್ರತಿಭೆ. ಬೇರೆ ಕೆಲಸವಿದೆಯೆಂದು ನೆವ ಹೇಳಿ ವಾದದಿಂದ ಎದ್ದುಹೋಗುವುದು ವಿಕ್ಷೇಪ. ಹೀಗೆ ಪಟ್ಟಿ ಸಾಗುತ್ತದೆ. ಪರಭಾಷೆಯ ಒಂದು ಅಂಕಿತನಾಮದ ಮುಂದೆ ನಾಲಗೆ ತೊಡರುವುದೆಂಬುದು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಎಣಿಕೆಗೆ ಬಂದಿಲ್ಲ. ಈ ಅಳತೆಗೋಲನ್ನು ಹಿಡಿದು ನೋಡಿದರೆ ಅಂದಿನ ಭಾಷಣಕಾರರ ಗುಣದೋಷಗಳು ಬೇರೆಯಾಗಿಯೇ ಕಾಣುತ್ತವೆ.

ಮೊದಲು ಪ್ರಧಾನಿಗಳನ್ನು ನೋಡಬಹುದು. ಸಭೆಯನ್ನು ಹಿಡಿದು ನಿಲ್ಲಿಸುವ ವಿದ್ಯೆಯಲ್ಲಿ ಅವರಿಗೆ ಸಮನಾದವರು ಆ ಚುನಾವಣೆಯಲ್ಲಿ ಇರಲಿಲ್ಲ. ಕನ್ನಡದ ಕೆಲವು ವಾಕ್ಯಗಳಿಂದ ಮೊದಲುಮಾಡಿ, ಊರಿನ ದೇವರನ್ನೂ ಹಿರಿಯರನ್ನೂ ನೆನೆದು, ಆಮೇಲೆ ಜನರಿಗೆ ಪ್ರಶ್ನೆ ಹಾಕಿ ಜನರಿಂದಲೇ ಉತ್ತರ ಹೇಳಿಸುವ ಕ್ರಮ ಅವರದು. ಹರಿಕಥೆಯ ದಾಸರು ಪಲ್ಲವಿಯನ್ನು ಎತ್ತಿಕೊಟ್ಟು ಸಭಿಕರಿಂದ ಹೇಳಿಸುವುದನ್ನು ಕಂಡವರಿಗೆ ಈ ಕ್ರಮವು ಹೊಸದಲ್ಲ. ಆದರೆ ಲಕ್ಷ ಜನರೆದುರು ಅದನ್ನು ಸಾಧಿಸುವುದು ಸಾಮಾನ್ಯರಿಂದ ಆಗತಕ್ಕುದಲ್ಲ. ಸಂತೇಮರಹಳ್ಳಿಯ ಸವಾಲಿನ ರಚನೆಯೂ ಚತುರವಾದುದೇ. ಎದುರಾಳಿಯು ತಾನಾಗಿ ಕೇಳಿದ ಹದಿನೈದು ನಿಮಿಷವನ್ನೇ ಅವನ ಕೈಗೆ ಮರಳಿ ಕೊಟ್ಟು, ಅದಕ್ಕೆ ತಮ್ಮ ಷರತ್ತುಗಳನ್ನು ಕಟ್ಟಿದರು. ದೋಷವು ಆ ಷರತ್ತುಗಳಲ್ಲಿಯೇ ಇದೆ. ಐದು ವರ್ಷದ ಸರ್ಕಾರದ ಲೆಕ್ಕವನ್ನು ಕೇಳುವುದು ನ್ಯಾಯವಾದ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ. ಅದಕ್ಕೆ ತಾಯಿಯ ಮಾತೃಭಾಷೆಯನ್ನೂ ಒಂದು ಹೆಸರಿನ ಪಂಚಾವೃತ್ತಿಯನ್ನೂ ಅಂಟಿಸಿದೊಡನೆ ಪ್ರಶ್ನೆಯು ಹಿಂದೆ ಸರಿದು ಅಣಕವು ಮುಂದೆ ಬಂದಿತು. ಇದು ಅರ್ಥಾಂತರವಲ್ಲದೆ ಬೇರೆಯಲ್ಲ.

ರಾಹುಲ್ ಗಾಂಧಿಯವರ ವಿಷಯದಲ್ಲಿ ಹೇಳಬೇಕಾದುದು ಇನ್ನೊಂದು ಬಗೆ. ಮಾರ್ಚಿಯಲ್ಲಿ ಮೈಸೂರಿನ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಎನ್‌.ಸಿ.ಸಿ. ತರಬೇತಿಯನ್ನು ಕುರಿತು ಕೇಳಿದಾಗ ಅದರ ವಿವರಗಳು ತಮಗೆ ತಿಳಿಯವೆಂದು ಅವರು ಒಪ್ಪಿಕೊಂಡರು. ಅದನ್ನು ಹಿಡಿದು ನಕ್ಕವರು ಬಹಳ. ವೇದಿಕೆಯ ಮೇಲೆ ನಿಂತು ತಿಳಿಯದೆಂದು ಹೇಳುವ ರಾಜಕಾರಣಿಯು ಅಪರೂಪವಾದುದರಿಂದ ಆ ನಗೆಯು ಅನ್ಯಾಯವಾದುದೇ. ಆದರೆ ಅವರ ಭಾಷಣಗಳಲ್ಲಿ ಬಸವಣ್ಣನವರ ವಚನದ ನುಡಿಗಳು ಬಂದುಬಂದು ಹೋದುವೇ ಹೊರತು ಆ ನುಡಿಯಿಂದ ಕಟ್ಟಿದ ಒಂದು ವಿಚಾರವು ಬೆಳೆಯಲಿಲ್ಲ. ಮದುವೆಯ ಚಪ್ಪರಕ್ಕೆ ಕಟ್ಟಿದ ಮಾವಿನೆಲೆಯಂತೆ ವಚನವು ಬಾಗಿಲಲ್ಲಿಯೇ ನಿಂತಿತು. ಮೇಲಾಗಿ, ಹದಿನೈದು ನಿಮಿಷದ ಸವಾಲನ್ನು ಅವರು ಸ್ವೀಕರಿಸಿ ಕೈಯಲ್ಲೊಂದು ಕಾಗದ ಹಿಡಿದೇ ಸಿದ್ದರಾಮಯ್ಯನವರ ಸರ್ಕಾರದ ಲೆಕ್ಕವನ್ನು ಓದಿದ್ದರೆ, ಕಾಗದ ಹಿಡಿದರೆಂದು ಹಳಿಯುವವರ ಬಾಯನ್ನು ಲೆಕ್ಕವೇ ಮುಚ್ಚಿಸುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಉತ್ತರವಿದ್ದೂ ಹೇಳದಿರುವುದು ಉತ್ತರ ತೋಚದಿರುವುದಕ್ಕಿಂತ ದೊಡ್ಡ ಸೋಲು.

ಸಿದ್ದರಾಮಯ್ಯನವರದು ಮೂವರಲ್ಲಿ ನೆಲಕ್ಕೆ ಹತ್ತಿರವಾದ ಮಾತು. ಮೈಸೂರು ಸೀಮೆಯ ಹಳ್ಳಿಗನ್ನಡದ ಗತ್ತೂ, ವಕೀಲಿಯಿಂದ ಬಂದ ಪಟ್ಟೂ ಅದರಲ್ಲಿ ಕೂಡಿವೆ. ಶಾಸನಸಭೆಯಲ್ಲಿ ಎದ್ದುನಿಂತು ಕನ್ನಡದ ಸಂಧಿ ಸಮಾಸಗಳ ಪಾಠ ಹೇಳಿದ ಮುಖ್ಯಮಂತ್ರಿಯೆಂಬ ಖ್ಯಾತಿಯೂ ಅವರಿಗುಂಟು. ಕಾಗದ ನೋಡಿಕೊಂಡಾದರೂ ಹೇಳಿರೆಂಬ ಅವರ ಪ್ರತ್ಯುತ್ತರವು ಎಷ್ಟು ಚುರುಕೆಂದರೆ ಸವಾಲಿನ ಮೊನೆಯನ್ನೇ ಹಿಂದಕ್ಕೆ ತಿರುಗಿಸಿತು. ಆದರೆ ಪ್ರಶ್ನೆಯಿದ್ದುದು ಅವರ ಸ್ವಂತ ಆಡಳಿತದ ಮೇಲೆ. ತಮ್ಮ ಐದು ವರ್ಷವನ್ನು ಕುರಿತ ಪ್ರಶ್ನೆಗೆ ಹಿಂದಿನವರ ಕಾಲವನ್ನು ತೋರಿಸಿದುದು ಜಲ್ಪದ ಜಾಣತನವೇ ಸರಿ. ಸವಾಲು ಬಂದುದು ಪಕ್ಷದ ಅಧ್ಯಕ್ಷರಿಗೆ. ಉತ್ತರ ಕೊಟ್ಟುದು ಮುಖ್ಯಮಂತ್ರಿಗಳು. ಲೆಕ್ಕ ಒಪ್ಪಿಸಿದವರು ಯಾರೂ ಇಲ್ಲ.

ಇಲ್ಲಿ ಕಾಗದದ ವಿಷಯವನ್ನು ಸ್ವಲ್ಪ ನಿಂತು ನೋಡಬೇಕಾಗಿದೆ. ಕಾಗದವಿಲ್ಲದೆ ಮಾತನಾಡುವುದು ಯೋಗ್ಯತೆಯ ಲಕ್ಷಣ, ಕಾಗದ ನೋಡಿ ಮಾತನಾಡುವುದು ದೌರ್ಬಲ್ಯದ ಲಕ್ಷಣ ಎಂಬುದನ್ನು ಸವಾಲು ಹಾಕಿದವರೂ ಒಪ್ಪಿದರು, ಉತ್ತರ ಕೊಟ್ಟವರೂ ಒಪ್ಪಿದರು, ಪತ್ರಿಕೆಗಳವರೂ ವಿಚಾರಮಾಡದೆ ಒಪ್ಪಿದರು. ಯಾವ ಪುರುಷನ ಹೆಸರನ್ನು ಐದು ಸಲ ಹೇಳಿರೆಂದು ಪಂಥ ಕಟ್ಟಿದರೋ ಆತನು ಈ ಅಭಿಪ್ರಾಯದವನಾಗಿರಲಿಲ್ಲವೆಂಬುದು ಯಾರಿಗೂ ಹೊಳೆದಂತೆ ತೋರುವುದಿಲ್ಲ. ವಿಶ್ವೇಶ್ವರಯ್ಯನವರು ಅಂಕಿಗಳ ಮನುಷ್ಯರು. ಬರೆದು ತಿದ್ದಿ ಸಿದ್ಧಮಾಡಿಕೊಳ್ಳದೆ ಸಭೆಯೆದುರು ನಿಲ್ಲುವುದನ್ನು ಒಲ್ಲದವರು. ಅವರೊಮ್ಮೆ ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯರ ಬಲವಂತಕ್ಕೆ ಸಿದ್ಧತೆಯಿಲ್ಲದೆ ನಾಲ್ಕು ಮಾತು ಹೇಳಿ, ಅದು ಮನಸ್ಸಿಗೆ ಒಪ್ಪದೆ, ಮತ್ತೊಂದು ದಿನ ಭಾಷಣವನ್ನು ಬರೆದುಕೊಂಡು ಅದೇ ಶಾಲೆಗೆ ಹೋಗಿ ಮಕ್ಕಳೆದುರು ಓದಿದರೆಂಬ ಕಥೆಯು ಬಹುಕಾಲದಿಂದ ಪ್ರಚಾರದಲ್ಲಿದೆ. ಕಥೆಯ ವಿವರಗಳು ಹೇಗಾದರೂ ಇರಲಿ, ಜನರು ಅವರಲ್ಲಿ ಯಾವ ಗುಣವನ್ನು ಕಂಡು ಮೆಚ್ಚಿದರೆಂಬುದು ಅದರಿಂದ ಸ್ಪಷ್ಟ. 1912ರಿಂದ 1918ರ ವರೆಗೆ ದಿವಾನರಾಗಿದ್ದಾಗ ಅವರು ನ್ಯಾಯವಿಧಾಯಕ ಸಭೆಯ ಸದಸ್ಯರ ಸಂಖ್ಯೆಯನ್ನು 18ರಿಂದ 24ಕ್ಕೆ ಏರಿಸಿ, ಆಯವ್ಯಯವನ್ನು ಕುರಿತು ಚರ್ಚಿಸುವ ಅಧಿಕಾರವನ್ನು ಅದಕ್ಕೆ ಕೊಟ್ಟರು. ಸರ್ಕಾರದ ಲೆಕ್ಕವನ್ನು ಪ್ರಜೆಗಳ ಪರವಾಗಿ ಬಂದವರು ಪ್ರಶ್ನಿಸಬೇಕೆಂಬುದು ಅದರ ತಾತ್ಪರ್ಯ. ಆಯವ್ಯಯವನ್ನು ಕಾಗದವಿಲ್ಲದೆ ಚರ್ಚಿಸುವವರು ಇನ್ನೂ ಹುಟ್ಟಬೇಕಾಗಿದೆ.

ಇನ್ನು ಉಚ್ಚಾರದ ಮಾತು. ವಿಶ್ವೇಶ್ವರಯ್ಯ ಎಂಬ ಹೆಸರಿನಲ್ಲಿ ಒತ್ತಕ್ಷರಗಳು ಒಂದರ ಬೆನ್ನಿಗೊಂದು ಮೂರು ಬರುತ್ತವೆ. ಹೊಲದಲ್ಲಿ ದುಡಿಯುವವರ ಬಾಯಲ್ಲಿ ಅದು ಸವೆದು ನುಣುಪಾಗಿ ಬೇರೆ ರೂಪವನ್ನೇ ತಾಳುತ್ತದೆ. ಅದರಿಂದ ಆ ಮಹನೀಯರಿಗೆ ಅಗೌರವವಾಯಿತೆಂದು ಯಾರೂ ಭಾವಿಸಿದ್ದಿಲ್ಲ. ಹೆಸರಿನ ಮೊದಲಿನ ಮೋಕ್ಷಗುಂಡಂ ಎಂಬುದು ಪೂರ್ವಿಕರ ಊರು, ಆಂಧ್ರದೇಶದ್ದು. ಚಿಂತಾಮಣಿಯ ಕಡೆಯ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಅಂಗಳ ದಾಟಿದರೆ ಕನ್ನಡ; ಆ ತಾಲ್ಲೂಕಿನ ಕೈವಾರದ ನಾರೇಯಣ ಯೋಗಿಗಳು ಎರಡು ಭಾಷೆಗಳಲ್ಲಿಯೂ ಹಾಡಿದವರು. ಗೌರಿಬಿದನೂರಿನ ಸಂತೆಯಲ್ಲಿ ಒಂದೇ ವಾಕ್ಯದೊಳಗೆ ಎರಡೂ ಭಾಷೆಗಳು ಕೈಹಿಡಿದು ನಡೆಯುತ್ತವೆ. ಇಂಥ ನಾಡಿನವರಿಗೆ ಪರರ ನಾಲಗೆಯ ತೊಡರು ಅಪರಾಧವಾಗಿ ಕಾಣದು. ಹೆಸರನ್ನು ಕಲಿತು ಬರಬೇಕಾಗಿತ್ತೆಂಬುದು ನಿಜ. ಅತಿಥಿಯಾಗಿ ಬರುವವನು ಮನೆಯ ಯಜಮಾನನ ಹೆಸರನ್ನು ಕೇಳಿ ತಿಳಿದು ಬರುವುದು ಮರ್ಯಾದೆ. ಆದರೆ ಮರ್ಯಾದೆಯ ಲೋಪವು ವಾದದ ಸೋಲಲ್ಲ.

ಪತ್ರಿಕೆಗಳೂ ವಾಹಿನಿಗಳೂ ಈ ಭೇದವನ್ನು ಗಣಿಸಲಿಲ್ಲ. ಆ ಚುನಾವಣೆಯ ಎರಡು ತಿಂಗಳುಗಳಲ್ಲಿ ನಾಲಗೆ ಜಾರಿದವರು ಒಬ್ಬರೇ ಅಲ್ಲ. ಚುನಾವಣೆಯ ದಿನಾಂಕವು ಪ್ರಕಟವಾದ ಮಾರ್ಚಿ 27ರಂದೇ ದಾವಣಗೆರೆಯಲ್ಲಿ ಭಾರತೀಯ ಜನತಾ ಪಕ್ಷದ ಅಂದಿನ ಅಧ್ಯಕ್ಷ ಅಮಿತ್ ಷಾ ಅವರು, ಯಡಿಯೂರಪ್ಪನವರನ್ನು ಪಕ್ಕದಲ್ಲಿಯೇ ಕೂರಿಸಿಕೊಂಡು, ಭ್ರಷ್ಟಾಚಾರದ ಪಂದ್ಯದಲ್ಲಿ ಮೊದಲನೆಯ ಸ್ಥಾನವನ್ನು ಸಿದ್ದರಾಮಯ್ಯನವರ ಸರ್ಕಾರಕ್ಕೆ ಕೊಡಹೋಗಿ ಯಡಿಯೂರಪ್ಪನವರ ಸರ್ಕಾರಕ್ಕೆ ಕೊಟ್ಟರು. ಕೆಲವು ದಿನಗಳ ತರುವಾಯ ಚಿತ್ರದುರ್ಗದ ಕಡೆಯ ಸಭೆಯಲ್ಲಿ ಅವರ ಹಿಂದಿಯನ್ನು ಕನ್ನಡಿಸುತ್ತಿದ್ದ ಸಂಸದರೊಬ್ಬರ ಬಾಯಲ್ಲಿ, ಪ್ರಧಾನಿಗಳಿಗೆ ಅನುಕೂಲವಾಗಬೇಕಾದ ಮಾತು ಪ್ರತಿಕೂಲವಾಗಿ ಬಿದ್ದಿತು. ಇವೆಲ್ಲವೂ ತುಣುಕುಚಿತ್ರಗಳಾಗಿ ಎರಡೂ ಪಕ್ಷದವರಿಗೆ ಸಮಾನವಾದ ವಿನೋದವನ್ನು ಒದಗಿಸಿದುವು. ವಿನೋದಕ್ಕೆ ಆಕ್ಷೇಪಣೆಯಿಲ್ಲ, ಚುನಾವಣೆಯೆಂಬುದು ಬೇಸಗೆಯ ಬಿಸಿಲಲ್ಲಿ ನಡೆಯುವ ದೀರ್ಘವಾದ ನಾಟಕ, ನಡುವೆ ಹಾಸ್ಯವೂ ಇರಲಿ. ಆದರೆ ಹಾಸ್ಯದ ಪ್ರವೇಶವೇ ಇಡೀ ನಾಟಕವೆಂದು ವಿಮರ್ಶೆ ಬರೆದರೆ ಹೇಗೆ?

ಮೇ 3ರಂದು ಕಲಬುರಗಿಯಲ್ಲಿ ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಪ್ರಧಾನಿಗಳು ಕೊಡಗಿನ ಜನರಲ್ ತಿಮ್ಮಯ್ಯನವರನ್ನು ನೆನೆದು, 1948ರ ಕಾಶ್ಮೀರದ ಯುದ್ಧದ ಪ್ರಸಂಗದಲ್ಲಿ ಅವರಿಗೆ ಪ್ರಧಾನಿ ನೆಹರೂ ಅವರಿಂದಲೂ ರಕ್ಷಣಾಮಂತ್ರಿ ಕೃಷ್ಣ ಮೆನನ್ ಅವರಿಂದಲೂ ಅಪಮಾನವಾಯಿತೆಂದು ಹೇಳಿದರು. 1948ರಲ್ಲಿ ರಕ್ಷಣಾಮಂತ್ರಿಗಳಾಗಿದ್ದವರು ಬಲದೇವ ಸಿಂಗರು. ಕೃಷ್ಣ ಮೆನನ್ ಅವರು ಆ ಸ್ಥಾನಕ್ಕೆ ಬಂದುದೂ ತಿಮ್ಮಯ್ಯನವರು ಸೇನೆಯ ಮುಖ್ಯಸ್ಥರಾದುದೂ 1957ರಲ್ಲಿ; ಇಬ್ಬರಿಗೂ ವಿರಸ ಹುಟ್ಟಿ ತಿಮ್ಮಯ್ಯನವರು ರಾಜೀನಾಮೆ ಕೊಟ್ಟು ಹಿಂದಕ್ಕೆ ತೆಗೆದುಕೊಂಡುದು 1959ರಲ್ಲಿ. ಎಂದರೆ ಹನ್ನೊಂದು ವರ್ಷದ ಅಂತರವುಳ್ಳ ಎರಡು ಸಂಗತಿಗಳು ಒಂದೇ ವಾಕ್ಯದಲ್ಲಿ ಬೆರೆತುಹೋದುವು. ಕೆಲವು ಪತ್ರಿಕೆಗಳೂ ವಾಹಿನಿಗಳೂ ಕೂಡಲೆ ಇದನ್ನು ಎತ್ತಿ ತೋರಿಸಿ ತಮ್ಮ ಕರ್ತವ್ಯವನ್ನು ನೆರವೇರಿಸಿದುವು, ಅವರನ್ನು ಪ್ರಶಂಸಿಸಬೇಕು. ಒಬ್ಬರು ಕನ್ನಡನಾಡಿನ ಹಿರಿಯನೊಬ್ಬನ ಹೆಸರಿನಲ್ಲಿ ತಪ್ಪಿದರು; ಇನ್ನೊಬ್ಬರು ಕನ್ನಡನಾಡಿನ ಹಿರಿಯನೊಬ್ಬನ ಚರಿತ್ರೆಯಲ್ಲಿ ತಪ್ಪಿದರು. ಮೊದಲನೆಯ ತಪ್ಪಿನಿಂದ ಯಾರ ತಿಳಿವಳಿಕೆಯೂ ಕೆಡಲಿಲ್ಲ. ಎರಡನೆಯದನ್ನು ನಂಬಿದವನ ಮನಸ್ಸಿನಲ್ಲಿ ಸುಳ್ಳು ಇತಿಹಾಸವೊಂದು ಬೇರೂರಿತು. ತೂಕವೆಂಬುದು ಇದ್ದಿದ್ದರೆ ಎರಡನೆಯದು ಹೆಚ್ಚು ಕಾಲ ಬಾಳಬೇಕಾಗಿತ್ತು. ನಾಲಗೆಯ ತಪ್ಪನ್ನು ಮೂರು ಕ್ಷಣದಲ್ಲಿ ತೋರಿಸಬಹುದು; ಇಸವಿಯ ತಪ್ಪನ್ನು ತೋರಿಸುವುದಕ್ಕೆ ಮೂರು ವಾಕ್ಯಗಳಾದರೂ ಬೇಕು; ಮೂರು ವಾಕ್ಯಗಳನ್ನು ಕೇಳುವ ತಾಳ್ಮೆಯನ್ನು ವಾಹಿನಿಗಳವರೇ ಜನರಿಂದ ಕಿತ್ತುಕೊಂಡಿದ್ದಾರೆ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವವನು ರಾಶಿಯೊಳಕ್ಕೆ ಕೈಹಾಕಿ, ಗೂಡನ್ನು ಬೆರಳಲ್ಲಿ ಒತ್ತಿ, ಅಲುಗಿಸಿ ನೋಡಿ ಬೆಲೆ ಕೂಗುತ್ತಾನೆ. ಮೇಲೆ ಬಿದ್ದಿರುವ ಒಂದು ಕಲೆಗೂಡನ್ನು ಕಂಡು ರಾಶಿಯನ್ನೇ ಬಿಟ್ಟು ಹೋಗುವುದಿಲ್ಲ. ಅಷ್ಟು ಶ್ರದ್ಧೆಯನ್ನು ಮಾತಿನ ವಿಷಯದಲ್ಲಿ ಬಯಸುವುದು ಅತಿಯಾಸೆಯಲ್ಲ.

ವರದಿಯಿಂದ ತೀರ್ಪು ಹೇಗೆ ತಿರುಗುತ್ತದೆಂಬುದಕ್ಕೆ ಅಮೆರಿಕಾ ದೇಶದಲ್ಲಿ ಒಳ್ಳೆಯ ನಿದರ್ಶನಗಳಿವೆ. ಏತಕ್ಕೆಂದರೆ ಅಲ್ಲಿ ಅಧ್ಯಕ್ಷಪದವಿಯ ಅಭ್ಯರ್ಥಿಗಳು ನಿಜವಾಗಿಯೂ ಒಂದೆಡೆ ನಿಂತು ವಾದಿಸುತ್ತಾರೆ, ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯಲ್ಲಿಯೂ ವಾದಿಸುತ್ತಾರೆ. 1948ರ ಮೇ 17ರಂದು ಆರೆಗನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ರಿಪಬ್ಲಿಕನ್ ಪಕ್ಷದ ಡ್ಯೂಯಿ ಮತ್ತು ಸ್ಟಾಸನ್ ಎಂಬ ಇಬ್ಬರು ರೇಡಿಯೋದಲ್ಲಿ ಒಂದು ಗಂಟೆಯ ಕಾಲ ವಾದಿಸಿದರು. ವಿಷಯವು ಒಂದೇ: ಕಮ್ಯುನಿಸ್ಟ್ ಪಕ್ಷವನ್ನು ಕಾನೂನಿನಿಂದ ನಿಷೇಧಿಸಬೇಕೆ? ಸ್ಟಾಸನ್ ಬೇಕೆಂದರು, ಡ್ಯೂಯಿ ಬೇಡವೆಂದರು. ಒಬ್ಬೊಬ್ಬರಿಗೂ ಮೊದಲು ಇಪ್ಪತ್ತು ನಿಮಿಷ, ಆಮೇಲೆ ಎಂಟೂವರೆ ನಿಮಿಷ. ಕೇಳಿದವರು ಕೋಟಿಗಟ್ಟಲೆ. ಮುಖ ಕಾಣದ ಆ ವಾದದಲ್ಲಿ ಮಾತಿನ ಹುರುಳಲ್ಲದೆ ತೂಗುವುದಕ್ಕೆ ಬೇರೆ ಏನೂ ಇರಲಿಲ್ಲ. ಡ್ಯೂಯಿ ಆ ಪ್ರಾಥಮಿಕ ಚುನಾವಣೆಯನ್ನು ಗೆದ್ದರು. ನವೆಂಬರಿನಲ್ಲಿ ಟ್ರೂಮನ್ನರ ಎದುರು ಸೋತರು. ಷಿಕಾಗೋ ನಗರದ ದೊಡ್ಡ ದಿನಪತ್ರಿಕೆಯೊಂದು ಮಾತ್ರ ಎಣಿಕೆ ಮುಗಿಯುವುದಕ್ಕೆ ಮೊದಲೇ ಅವರು ಗೆದ್ದರೆಂದು ದಪ್ಪಕ್ಷರದಲ್ಲಿ ಅಚ್ಚುಹಾಕಿತು. ಗೆದ್ದ ಟ್ರೂಮನ್ನರು ಆ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಭಾವಚಿತ್ರವು ಪ್ರಸಿದ್ಧವಾದುದು.

1976ರ ಅಕ್ಟೋಬರ್ 6ರ ವಾದವು ಇನ್ನೂ ಹತ್ತಿರದ ನಿದರ್ಶನ. ಅಧ್ಯಕ್ಷ ಫೋರ್ಡರು ಪೂರ್ವ ಯೂರೋಪಿನ ಮೇಲೆ ಸೋವಿಯತ್ ಪ್ರಭುತ್ವವಿಲ್ಲವೆಂದುಬಿಟ್ಟರು. ಆ ರಾತ್ರಿ ವಾದ ಮುಗಿದ ಕೂಡಲೆ ಜನರನ್ನು ವಿಚಾರಿಸಿದಾಗ ಫೋರ್ಡರೇ ಮೇಲೆ ಎಂದವರು ಕಡಮೆಯಿರಲಿಲ್ಲ. ಮರುದಿನ ವಾರ್ತೆಗಳಲ್ಲಿ ಆ ಒಂದು ವಾಕ್ಯವು ಮತ್ತೆ ಮತ್ತೆ ಬಂದ ಮೇಲೆ ವಿಚಾರಿಸಿದಾಗ ಬಹುಮತವು ಕಾರ್ಟರ್ ಅವರ ಕಡೆಗೆ ವಾಲಿತ್ತು. ಕೇಳಿದ ವಾದವು ಅದೇ, ತೀರ್ಪು ಬೇರೆ. ಇಲ್ಲಿ ವರದಿಗಾರರನ್ನು ದೂರುವಂತಿಲ್ಲ, ಏಕೆಂದರೆ ಫೋರ್ಡರ ಮಾತು ವಸ್ತುಸ್ಥಿತಿಗೆ ವಿರುದ್ಧವಾಗಿದ್ದಿತು. ಜನರಿಗೆ ಕಾಣದ ತಪ್ಪನ್ನು ಅವರು ಕಾಣಿಸಿದರು. 2011ರ ನವೆಂಬರಿನಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ನಡೆದುದು ಇದಕ್ಕೆ ತದ್ವಿರುದ್ಧ. ಪ್ರಾಥಮಿಕ ವಾದದಲ್ಲಿ ರಿಕ್ ಪೆರಿ ಎಂಬವರು ತಾವು ಮುಚ್ಚಿಸಲಿರುವ ಮೂರು ಇಲಾಖೆಗಳನ್ನು ಹೆಸರಿಸಹೋಗಿ ಎರಡನ್ನು ಹೇಳಿ ಮೂರನೆಯದನ್ನು ಮರೆತರು. ಆ ಮರೆವು ಕೆಲವು ಕ್ಷಣದ್ದು, ಅದರ ಪ್ರಸಾರವು ವಾರಗಟ್ಟಲೆಯದು. ಜನವರಿಯಲ್ಲಿ ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಮೂರು ಇಲಾಖೆಗಳನ್ನು ಮುಚ್ಚುವುದು ಯುಕ್ತವೋ ಅಯುಕ್ತವೋ ಎಂಬ ವಿಚಾರವು ಆ ನಗೆಯಲ್ಲಿ ಮುಳುಗಿಹೋಯಿತು. ಮರೆತ ಮೂರನೆಯದು ಇಂಧನ ಇಲಾಖೆ. 2017ರಲ್ಲಿ ಅದೇ ಇಲಾಖೆಗೆ ಅವರೇ ಮುಖ್ಯಸ್ಥರಾದರು.

ಮುದ್ದೇನಹಳ್ಳಿಯ ಹೆಸರಿನ ಪ್ರಸಂಗವು ಪೆರಿಯ ಜಾತಿಗೆ ಸೇರಿದುದೇ ಹೊರತು ಫೋರ್ಡರ ಜಾತಿಗೆ ಸೇರಿದುದಲ್ಲ. ಅದರ ಕೆಳಗೆ ಮುಳುಗಿಹೋದುದು ಏನೆಂದು ಈ ಜಿಲ್ಲೆಯವರಿಗೆ ಹೇಳಬೇಕಾದುದಿಲ್ಲ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಅರ್ಕಾವತಿ, ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿಗಳು ಹುಟ್ಟುತ್ತವೆ. ಹುಟ್ಟಿದ ಊರಿನಲ್ಲಿ ವರ್ಷವೆಲ್ಲ ಹರಿಯುವ ನದಿ ಒಂದೂ ಇಲ್ಲ. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದಿವೆ. ಮೇಲಕ್ಕೆ ಬಂದ ನೀರಿನಲ್ಲಿ ಫ್ಲೋರೈಡು. ಸಕಲೇಶಪುರದ ಕಡೆಯ ಹಳ್ಳಗಳಿಂದ 24.01 ಟಿ.ಎಂ.ಸಿ. ನೀರನ್ನು ಪೂರ್ವದ ಜಿಲ್ಲೆಗಳಿಗೆ ತರುತ್ತೇವೆಂಬ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲಿಯೇ ಶಂಕುಸ್ಥಾಪನೆಯಾಯಿತು. 2016ರ ಮಾರ್ಚಿಯಲ್ಲಿ ಶಾಶ್ವತ ನೀರಾವರಿಯನ್ನು ಬೇಡಿ ರೈತರು ಟ್ರಾಕ್ಟರುಗಳಲ್ಲಿ ಬೆಂಗಳೂರಿನತ್ತ ಹೊರಟರು. ಬೆಂಗಳೂರಿನ ಚರಂಡಿಯ ನೀರನ್ನು ಎರಡು ಹಂತ ಶುದ್ಧಿಮಾಡಿ ಕೆರೆಗಳಿಗೆ ಬಿಡುವುದು ಸಾಕೇ, ಮೂರನೆಯ ಹಂತವೂ ಬೇಕೇ ಎಂಬ ಪ್ರಶ್ನೆಯೂ ಈ ಸೀಮೆಯಲ್ಲಿ ಎದ್ದಿತು. ಅಣೆಕಟ್ಟಿನ ಶಿಲ್ಪಿಯ ಹೆಸರನ್ನು ಎತ್ತಿಕೊಂಡ ಚುನಾವಣೆಯಲ್ಲಿ, ಆ ಶಿಲ್ಪಿಯ ಊರಿಗೆ ನೀರೆಷ್ಟು, ಯಾವ ವರ್ಷಕ್ಕೆ, ಎಷ್ಟು ವೆಚ್ಚಕ್ಕೆ ಎಂಬ ಮೂರು ಪ್ರಶ್ನೆಗಳನ್ನು ಇಬ್ಬರು ನಾಯಕರಿಗೂ ಒಟ್ಟಿಗೆ ಹಾಕಿ ಉತ್ತರವನ್ನು ಅಕ್ಕಪಕ್ಕದಲ್ಲಿ ಅಚ್ಚುಮಾಡುವುದು ಪತ್ರಿಕೆಗಳಿಗೆ ಅಸಾಧ್ಯವಾದ ಕೆಲಸವಾಗಿರಲಿಲ್ಲ. ಹದಿನೈದು ನಿಮಿಷವು ಅದಕ್ಕೆ ಧಾರಾಳವಾಗಿ ಸಾಲುತ್ತಿತ್ತು. ಯೋಜನೆಯ ಮೊದಲನೆಯ ಹಂತಕ್ಕೆ ಚಾಲನೆ ದೊರೆತುದು 2024ರ ಸೆಪ್ಟೆಂಬರಿನಲ್ಲಿ, ಅದೂ ಸಕಲೇಶಪುರದ ಬಳಿ.

ವರದಿಯ ಬೆಲೆಯನ್ನು ತಿಳಿಯದ ಸೀಮೆಯೂ ಇದಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದಾಗ ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕ ಒಂದಾದರೆ ಜನರ ಲೆಕ್ಕ ಮತ್ತೊಂದಾಗಿತ್ತು. ಹೋಗಿ ನೋಡಿ, ಎಣಿಸಿ, ಬರೆಯುವವರ ಅಗತ್ಯವು ಅಂದು ಜೀವಗಳ ಲೆಕ್ಕಕ್ಕೆ ಸಂಬಂಧಿಸಿದುದಾಗಿತ್ತು.

2018ರ ಮೇ 12ರಂದು ಮತದಾನವಾಗಿ 15ರಂದು ಎಣಿಕೆಯಾಯಿತು. ರಾಜ್ಯದಲ್ಲಿ ಭಾರತೀಯ ಜನತಾ ಪಕ್ಷವು 104 ಸ್ಥಾನಗಳನ್ನು ಪಡೆದು ಎಲ್ಲಕ್ಕಿಂತ ದೊಡ್ಡ ಪಕ್ಷವಾಯಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ಚಿಂತಾಮಣಿಯು ಜನತಾದಳಕ್ಕೆ ಹೋಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಬಾಗೇಪಲ್ಲಿಗಳನ್ನು ಕಾಂಗ್ರೆಸ್ಸು ಗೆದ್ದಿತು. ಹೆಸರು ಯಾರ ಬಾಯಲ್ಲಿ ತೊಡರಿತೆಂದು ದೇಶವೆಲ್ಲ ನಕ್ಕಿತೋ ಅವರ ಪಕ್ಷವೇ ಆ ಹೆಸರಿನವರು ಹುಟ್ಟಿದ ಕ್ಷೇತ್ರದಲ್ಲಿ ಗೆದ್ದಿತೆಂದಾಯಿತು. ಇದರಿಂದ ಜನರು ವಾದವನ್ನು ತೂಗಿ ಮತ ಕೊಟ್ಟರೆಂದು ಸಿದ್ಧಾಂತ ಮಾಡುವುದು ಸಾಹಸ. ಜಾತಿ, ಊರಿನ ಅಭಿಮಾನ, ಅಭ್ಯರ್ಥಿಯ ಕೈವಾಡ ಇವೆಲ್ಲ ಚುನಾವಣೆಯಲ್ಲಿ ಕೆಲಸ ಮಾಡುತ್ತವೆ. ಪತ್ರಿಕೆಗಳು ಯಾವುದನ್ನು ನಿರ್ಣಾಯಕವೆಂದು ಕೂಗಿದುವೋ ಅದು ಇಲ್ಲಿ ನಿರ್ಣಾಯಕವಾಗಲಿಲ್ಲವೆಂದು ಮಾತ್ರ ಹೇಳಬಹುದು.

ತುಣುಕುಚಿತ್ರದ ಪ್ರಭಾವವು ಆಮೇಲೆ ಕಡಮೆಯಾಯಿತೆಂದೇನೂ ಅಲ್ಲ. 2023ರಲ್ಲಿ ಚಿಕ್ಕಬಳ್ಳಾಪುರದಲ್ಲಿ ಮಂತ್ರಿಗಳಾಗಿದ್ದ ಡಾಕ್ಟರ್ ಕೆ. ಸುಧಾಕರ್ ಅವರನ್ನು ಸೋಲಿಸಿದ ಪ್ರದೀಪ್ ಈಶ್ವರ್ ಅವರು ವೈದ್ಯಕೀಯ ಪ್ರವೇಶಪರೀಕ್ಷೆಗೆ ಪಾಠ ಹೇಳುವ ಸಂಸ್ಥೆಯನ್ನು ನಡೆಸಿದವರು. ಅವರ ಭಾಷಣದ ಗತ್ತಿನ ವಾಕ್ಯಗಳು ರಾಜ್ಯದ ಮೂಲೆಮೂಲೆಗೂ ಮೊಬೈಲಿನಲ್ಲಿ ಹರಿದಾಡಿದುವು. ಮರುವರ್ಷದ ಲೋಕಸಭೆಯ ಚುನಾವಣೆಯಲ್ಲಿ ಸುಧಾಕರ್ ಅವರೇ ಈ ಕ್ಷೇತ್ರದಿಂದ ಗೆದ್ದರು. ಎರಡು ಸಲವೂ ಗತ್ತಿನ ವಾಕ್ಯಗಳು ವಾರ್ತೆಗಳಲ್ಲಿ ಧಾರಾಳವಾಗಿ ಬಂದುವು. ಇಬ್ಬರನ್ನೂ ಒಂದು ವೇದಿಕೆಯ ಮೇಲೆ ಕೂರಿಸಿ ನೀರಿನ ಲೆಕ್ಕವನ್ನು ಕೇಳಿಸುವ ಮಾತು ಎರಡು ಸಲವೂ ಮುಂದಕ್ಕೆ ಬರಲಿಲ್ಲ.

ದೇಶದ ಮಟ್ಟದಲ್ಲಿ ಅಂಥ ಪ್ರಯತ್ನವೊಂದು ನಡೆಯಿತು. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಾಧೀಶರಾದ ಮದನ್ ಲೋಕೂರ್ ಮತ್ತು ಎ.ಪಿ. ಷಾ ಅವರೂ ಪತ್ರಿಕಾಕರ್ತರಾದ ಎನ್. ರಾಮ್ ಅವರೂ ಸೇರಿ ಪ್ರಧಾನಿ ಮೋದಿಯವರಿಗೂ ರಾಹುಲ್ ಗಾಂಧಿಯವರಿಗೂ ಸಾರ್ವಜನಿಕವಾದ ಒಂದು ವಾದಕ್ಕೆ ಬರಬೇಕೆಂದು ಪತ್ರ ಬರೆದರು. ಆರು ವರ್ಷದ ಹಿಂದೆ ಸಂತೇಮರಹಳ್ಳಿಯಲ್ಲಿ ಸವಾಲನ್ನು ಕೇಳಿ ಸುಮ್ಮನಿದ್ದವರು ಈ ಸಲ ಒಪ್ಪಿದರು. ಅಂದು ಸವಾಲು ಹಾಕಿದವರ ಕಡೆಯಿಂದ, ರಾಹುಲ್ ಗಾಂಧಿಯವರು ಯಾವ ಅಧಿಕಾರದಿಂದ ಪ್ರಧಾನಿಯೊಡನೆ ವಾದಕ್ಕೆ ನಿಲ್ಲುತ್ತಾರೆಂಬ ಪ್ರಶ್ನೆ ಬಂದಿತು. ಸಭಾಪತಿಯ ಸ್ಥಾನಕ್ಕೆ ಯೋಗ್ಯರಾದವರು ಸಿಕ್ಕಿದ್ದರು. ವಾದಿ ಪ್ರತಿವಾದಿಗಳಿಗೆ ಕರೆಯೂ ಹೋಗಿದ್ದಿತು. ಸಭ್ಯರಾಗಿ ಕೂರುವುದಕ್ಕೆ ದೇಶವೇ ಇದ್ದಿತು. ಜೂನ್ 1ರಂದು ಕೊನೆಯ ಹಂತದ ಮತದಾನವು ಮುಗಿಯುವ ವರೆಗೂ ಆ ವಾದವು ನಡೆಯಲಿಲ್ಲ.